ಬಟ್ಟೆಸಂತೆಯ ಬೀದಿಗೆ ಬಂದ ಉಣ್ಣೆಯ ಕೋಟು

ಲಂಡನ್ ನಗರದ ರೈಲುಮಾರ್ಗಗಳ ನಕ್ಷೆಯನ್ನು ಬಿಡಿಸಿ ನೋಡಿದರೆ ಹಲವು ಬಣ್ಣದ ಗೆರೆಗಳ ನಡುವೆ ಎಳೆಗುಲಾಬಿಯ ಗೆರೆಯೊಂದು ಕಾಣುತ್ತದೆ. ಪಶ್ಚಿಮದ ಹ್ಯಾಮರ್‌ಸ್ಮಿತ್‌ನಿಂದ ಹೊರಟು, ನಗರದ ಹೃದಯಭಾಗವನ್ನು ಉತ್ತರದಿಂದ ಬಳಸಿಕೊಂಡು ಪೂರ್ವಕ್ಕೆ ಸಾಗುವ ಗೆರೆ ಅದು. ಅದರ ಮಧ್ಯಭಾಗ, ಎಂದರೆ ಪ್ಯಾಡಿಂಗ್ಟನ್ನಿನಿಂದ ಫ್ಯಾರಿಂಗ್ಡನ್ನಿನವರೆಗಿನ ದಾರಿ, 1863ರ ಜನವರಿಯಲ್ಲಿ ತೆರೆಯಿತು. ನೆಲದಡಿಯಲ್ಲಿ ರೈಲು ಓಡಿಸಿದ ಜಗತ್ತಿನ ಮೊದಲ ಮಾರ್ಗವೆಂಬ ಕೀರ್ತಿ ಅದರದು. ಈ ಒಂದೇ ಗೆರೆಯ ಮೇಲೆ ನಾಲ್ಕು ಕಡೆ ಇಳಿದು ಹತ್ತುವ ತಾಳ್ಮೆಯಿದ್ದರೆ, ಒಂದು ಕೋಟಿನ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಕಣ್ಣಾರೆ ಕಂಡು ಬರಬಹುದು.

ಕೋಟು ಯಾರದೆಂದು ಹೇಳಿದರೆ ಓದುಗರಿಗೆ ನಗು ಬಂದೀತು. ಅದು ಷರ್ಲಾಕ್ ಹೋಮ್ಸನದು. ಎಂದೂ ಹುಟ್ಟದ, ಆದ್ದರಿಂದ ಎಂದೂ ಸಾಯದ ಪತ್ತೇದಾರನದು. 2010ರ ಜುಲೈ 25ರಂದು ಬಿ.ಬಿ.ಸಿ. ದೂರದರ್ಶನದಲ್ಲಿ 'ಷರ್ಲಾಕ್' ಎಂಬ ಸರಣಿ ಮೊದಲಾಯಿತು. ಸ್ಟೀವನ್ ಮೊಫಾಟ್ ಮತ್ತು ಮಾರ್ಕ್ ಗೇಟಿಸ್ ಎಂಬ ಇಬ್ಬರು ಲೇಖಕರು ವಿಕ್ಟೋರಿಯಾ ಕಾಲದ ಪತ್ತೇದಾರನನ್ನು ಎತ್ತಿ ತಂದು ಇಂದಿನ ಲಂಡನ್ನಿನಲ್ಲಿ ನಿಲ್ಲಿಸಿದ್ದರು. ಹಳೆಯ ಹೋಮ್ಸನಿಗಿದ್ದ ಭುಜದ ಮೇಲುಹೊದಿಕೆಯ ನಿಲುವಂಗಿ, ಕಿವಿ ಮುಚ್ಚುವ ಟೋಪಿ ಇವು ಇಂದಿನ ಬೀದಿಯಲ್ಲಿ ವೇಷವಾಗಿ ಕಾಣುತ್ತಿದ್ದವು. ಅವುಗಳ ಬದಲಿಗೆ ನಟ ಬೆನೆಡಿಕ್ಟ್ ಕಂಬರ್‌ಬ್ಯಾಚ್‌ಗೆ ಉದ್ದವಾದ ಉಣ್ಣೆಯ ಓವರ್‌ಕೋಟೊಂದನ್ನು ತೊಡಿಸಿದರು. ಮಳೆ ತುಂಬಿದ ಮೋಡದ ಬಣ್ಣ. ಎದೆಯ ಮೇಲೆ ಎರಡು ಸಾಲು ಗುಂಡಿ. ಕೆನ್ನೆಯವರೆಗೆ ಎತ್ತಿ ನಿಲ್ಲಿಸಿದ ಕಾಲರು. ಬೆನ್ನಿನ ನಡುವಿನಲ್ಲಿ ಅರ್ಧಪಟ್ಟಿ, ಅದರ ಕೆಳಗೆ ಆಳವಾದ ನೆರಿಗೆ. ಪತ್ತೇದಾರ ಸರ್ರನೆ ತಿರುಗಿ ನಡೆದಾಗ ಆ ನೆರಿಗೆ ಬಿಚ್ಚಿಕೊಂಡು ಕೋಟಿನ ಅಂಚು ಗಾಳಿಯಲ್ಲಿ ಹರಡುತ್ತಿತ್ತು. ನೋಡಿದವರ ಮನಸ್ಸಿನಲ್ಲಿ ನಿಂತದ್ದು ಅದೇ.

ಕೋಟು ಬೆಲ್‌ಸ್ಟಾಫ್ ಎಂಬ ಸಂಸ್ಥೆಯದು. 1924ರಲ್ಲಿ ಸ್ಟಾಫರ್ಡ್‌ಷೈರ್ ಸೀಮೆಯಲ್ಲಿ ಹುಟ್ಟಿ, ಮೋಟಾರ್ ಸೈಕಲ್ ಸವಾರರಿಗೆ ನೀರು ತಾಗದ ಅಂಗಿಗಳನ್ನು ಮಾಡಿ ಹೆಸರಾದ ಸಂಸ್ಥೆ ಅದು. ದೂರದರ್ಶನದಲ್ಲಿ ಕೋಟು ಪ್ರಸಿದ್ಧವಾಗುವ ವೇಳೆಗೆ ಅಂಗಡಿಯಲ್ಲಿ ಅದು ಸಿಗುತ್ತಿರಲಿಲ್ಲ. ಬೇಡಿಕೆ ಹೆಚ್ಚಿದ ಮೇಲೆ ಸಂಸ್ಥೆಯವರು ಮತ್ತೆ ತಂದರು. ಬೆಲೆ ಸಾವಿರ ಪೌಂಡಿಗೂ ಮೇಲಿತ್ತು. ನಮ್ಮ ಹಣದಲ್ಲಿ ಲಕ್ಷವನ್ನು ದಾಟಿದ ಮಾತು. ಕಥೆಯ ಕೋಟಿಗೆ ಲಕ್ಷ ರೂಪಾಯಿ ಸುರಿಯಲಾರದವರು ಇಂಗ್ಲೆಂಡಿನಲ್ಲಿಯೂ ಉಂಟು. ಅವರು ಸೂಜಿ ದಾರ ಹಿಡಿದರು.

ಆದ್ದರಿಂದ ಮೊದಲು ಇಳಿಯಬೇಕಾದದ್ದು ಬೇಕರ್ ಸ್ಟ್ರೀಟ್‌ನಲ್ಲಿ ಅಲ್ಲ, ಪಶ್ಚಿಮದ ಗೋಲ್ಡ್‌ಹಾಕ್ ರೋಡ್ ನಿಲ್ದಾಣದಲ್ಲಿ. ಶೆಪರ್ಡ್ಸ್ ಬುಷ್ ಎಂಬ ಬಡಾವಣೆಯ ಈ ರಸ್ತೆಯಲ್ಲಿ ಬಟ್ಟೆಯ ಅಂಗಡಿಗಳು ಒಂದಕ್ಕೊಂದು ಹೆಗಲು ತಾಗಿಸಿ ನಿಂತಿವೆ. ಉರುಳೆ ಉರುಳೆಯಾಗಿ ಸುತ್ತಿಟ್ಟ ಬಟ್ಟೆ ಬಾಗಿಲಿನ ಹೊರಗೂ ಚಾಚಿರುತ್ತದೆ. ನಮ್ಮ ಉಪಖಂಡದಿಂದ ಹೋಗಿ ನೆಲಸಿದ ವ್ಯಾಪಾರಿಗಳು ಅಲ್ಲಿ ಹಲವರು. ಚಿಕ್ಕಪೇಟೆಯ ಅಂಗಡಿಗಳಲ್ಲಿ ಚೌಕಾಸಿ ಮಾಡಿ ಬೆಳೆದ ಗೃಹಿಣಿಯನ್ನು ಅಲ್ಲಿ ನಿಲ್ಲಿಸಿದರೆ ಆಕೆಗೆ ಪರಸ್ಥಳವೆನಿಸಲಾರದು. ಬಿ.ಬಿ.ಸಿ.ಯ ದೊಡ್ಡ ದೂರದರ್ಶನ ಕೇಂದ್ರ 1960ರಿಂದ 2013ರವರೆಗೆ ಇದ್ದದ್ದೂ ಇಲ್ಲಿಂದ ಕಾಲ್ನಡಿಗೆಯ ದೂರದಲ್ಲೇ.

ಈ ಅಂಗಡಿಸಾಲು ಇನ್ನೇನು ಅಳಿದೇ ಹೋಗುತ್ತಿತ್ತು. ಪಕ್ಕದ ಮಾರುಕಟ್ಟೆಯನ್ನೂ ಅಂಗಡಿಗಳನ್ನೂ ಸೇರಿಸಿ ಹೊಸ ಕಟ್ಟಡಗಳನ್ನು ಕಟ್ಟುವ ಯೋಜನೆಯೊಂದು ಸಿದ್ಧವಾಗಿ, ಜಾಗವನ್ನು ಕಡ್ಡಾಯವಾಗಿ ವಶಪಡಿಸಿಕೊಳ್ಳುವ ಆಜ್ಞೆಗೆ ಸರ್ಕಾರದ ಒಪ್ಪಿಗೆಯೂ ದೊರೆತಿತ್ತು. ಬಟ್ಟೆಯ ವ್ಯಾಪಾರಿಗಳು ಬಿಡಲಿಲ್ಲ. ಕೋರ್ಟಿನ ಮೆಟ್ಟಿಲು ಹತ್ತಿದರು. 2016ರಲ್ಲಿ ಮೇಲ್ಮನವಿಯ ನ್ಯಾಯಾಲಯ ಆ ಆಜ್ಞೆಯನ್ನು ರದ್ದುಪಡಿಸಿತು. ಅಂಗಡಿಯವರು ಗಜ ಅಳೆಯುವುದಕ್ಕೆ ಮಾತ್ರ ಬಲ್ಲವರೆಂದು ತಿಳಿದವರಿಗೆ ಅಂದು ಪಾಠವಾಗಿರಬೇಕು.

ಕೋಟು ಹೊಲಿಯಹೊರಟವರು ಇಲ್ಲಿ ಹುಡುಕುವುದು ಬಣ್ಣವನ್ನಲ್ಲ, ಭಾರವನ್ನು. ತೆಳು ಉಣ್ಣೆಯಲ್ಲಿ ಹೊಲಿದರೆ ಚಿತ್ರದಲ್ಲಿ ಕಂಡ ಕೋಟಿನ ಹಾಗೆಯೇ ಕಾಣುತ್ತದೆ, ನಡೆಯುವಾಗ ಮಾತ್ರ ಕಾಲಿಗೆ ಸುತ್ತಿಕೊಳ್ಳುತ್ತದೆ. ಗಾಳಿಯಲ್ಲಿ ಹರಡುವ ಬಟ್ಟೆ ಹಗುರವಾಗಿರಬೇಕೆಂದು ತೋರುವುದು ಸಹಜ. ನಿಜ ಅದರ ತಿರುವುಮುರುವು. ಭಾರವಿದ್ದರೆ ಮಾತ್ರ ಅಂಚು ಬೀಸಿದ ಕಡೆಗೆ ಹೋಗಿ, ಅಲ್ಲಿ ಒಂದು ಕ್ಷಣ ನಿಂತು, ಸಾವಕಾಶವಾಗಿ ಹಿಂದಿರುಗುತ್ತದೆ. ಮೀಟರಿಗೆ ಆರುನೂರು ಗ್ರಾಂ ತೂಗುವ ಟ್ವೀಡ್ ಬಟ್ಟೆ ನಾಲ್ಕು ಮೀಟರಾದರೂ ಬೇಕು. ಲೈನಿಂಗ್, ಕ್ಯಾನ್ವಾಸ್, ಗುಂಡಿ ಎಲ್ಲ ಸೇರಿದರೆ ಮೈಮೇಲೆ ಮೂರು ಕಿಲೋ ಹೊತ್ತ ಹಾಗೆ. ಬೆಂಗಳೂರಿನ ಧನುರ್ಮಾಸದಲ್ಲಿ ಇದನ್ನು ತೊಟ್ಟು ಗುಡಿಗೆ ಹೋದವರು ಬೆವರಿನಲ್ಲಿ ಮಿಂದು ಬಂದಾರು.

ಬಟ್ಟೆ ತಂದ ಕೂಡಲೆ ಕತ್ತರಿ ಹಿಡಿಯುವಂತಿಲ್ಲ. ಮೊದಲು ಕೋರಾ ಬಟ್ಟೆಯಲ್ಲಿ ಒಂದು ಸುಳ್ಳು ಕೋಟನ್ನು ಹೊಲಿದು, ತೊಟ್ಟು, ಸೀಮೆಸುಣ್ಣದಿಂದ ಗುರುತು ಮಾಡಿ, ಬಿಚ್ಚಿ, ಮತ್ತೆ ಹೊಲಿಯಬೇಕು. ಈ ಕೋರಾ ಬಟ್ಟೆಗೆ ಇಂಗ್ಲಿಷರು ಕ್ಯಾಲಿಕೊ ಎನ್ನುತ್ತಾರೆ. ನಮ್ಮ ಪಡುವಣ ಕರಾವಳಿಯ ಕಲ್ಲಿಕೋಟೆಯ ಹೆಸರೇ ಸಮುದ್ರ ದಾಟಿ ಬಟ್ಟೆಯ ಹೆಸರಾಗಿ ಲಂಡನ್ನಿನ ದರ್ಜಿಗಳ ಬಾಯಲ್ಲಿ ಉಳಿದಿದೆ. ಕೋಟಿನ ನಮೂನೆಗಾಗಿ ಅವರು ಪಡುವ ಪಾಡೂ ಪತ್ತೇದಾರಿಯೇ. ಓಡುವ ಚಿತ್ರವನ್ನು ತಡೆದು ನಿಲ್ಲಿಸಿ ಗುಂಡಿಗಳನ್ನು ಎಣಿಸುತ್ತಾರೆ. ನಟನ ಅಂಗೈಯನ್ನೇ ಅಳತೆಗೋಲು ಮಾಡಿಕೊಂಡು ಜೇಬು ಎಷ್ಟು ಅಗಲವೆಂದು ಲೆಕ್ಕ ಹಾಕುತ್ತಾರೆ. ಬೆನ್ನಿನ ಪಟ್ಟಿ ಸೊಂಟಕ್ಕಿಂತ ಎಷ್ಟು ಮೇಲಿದೆಯೆಂದು ತರ್ಕಿಸುತ್ತಾರೆ. ಹೋಮ್ಸನಿಗೆ ಇದಕ್ಕಿಂತ ತಕ್ಕ ಶಿಷ್ಯರು ಸಿಕ್ಕಾರೇ?

ನಂತರ ಉಣ್ಣೆಗೆ ಸ್ನಾನ. ಉಣ್ಣೆ ನೀರು ತಾಗಿದರೆ ಕುಗ್ಗುವ ಜಾತಿ. ಹೊಲಿದ ಮೇಲೆ ಕುಗ್ಗಿದರೆ ಶ್ರಮವೆಲ್ಲ ವ್ಯರ್ಥ. ಹಳೆಯ ಕಾಲದಲ್ಲಿ ಇದಕ್ಕೊಂದು ಪದ್ಧತಿ ಈ ನಗರದಲ್ಲೇ ಬೆಳೆಯಿತು. ಇಂದಿಗೂ ಅದಕ್ಕೆ ಲಂಡನ್ನಿನ ಹೆಸರೇ ಇದೆ. ಒದ್ದೆಯ ಹೊದಿಕೆಗಳ ನಡುವೆ ಬಟ್ಟೆಯನ್ನು ಹಾಸಿ, ತೇವ ಒಳಗಿಳಿಯುವವರೆಗೆ ಬಿಟ್ಟು, ಅನಂತರ ಎಳೆಯದೆ ಹಿಂಡದೆ ತಾನಾಗಿ ಆರಲು ಬಿಟ್ಟು, ಕೊನೆಗೆ ಒತ್ತಡಕ್ಕಿಡುವುದು. ಮನೆಯಲ್ಲಿ ಹೊಲಿಯುವವರು ಒದ್ದೆ ಮಾಡಿ ಹಿಂಡಿದ ಬೆಡ್‌ಶೀಟಿನಲ್ಲಿ ಬಟ್ಟೆಯನ್ನು ಸುತ್ತಿ ರಾತ್ರಿಯಿಡೀ ಬಿಡುತ್ತಾರೆ. ಮನೆಯಲ್ಲಿ ಒದ್ದೆ ಕುರಿಯ ವಾಸನೆ ಎರಡು ದಿನ ಇರುತ್ತದೆ. ಮನೆಯವರ ಸಹನೆಗೆ ಅದೇ ಮೊದಲ ಪರೀಕ್ಷೆ.

ಕತ್ತರಿಸುವಾಗ ನೆನಪಿಡಬೇಕಾದದ್ದು ಒಂದು. ಉಣ್ಣೆಯ ಮೈಯಲ್ಲಿ ಬೆಕ್ಕಿನ ಬೆನ್ನಿನಂತೆ ಕೂದಲು ಒಂದೇ ದಿಕ್ಕಿಗೆ ಮಲಗಿರುತ್ತದೆ. ಬಟ್ಟೆ ಉಳಿಯಲೆಂದು ಒಂದು ತುಂಡನ್ನು ತಲೆಕೆಳಗಾಗಿ ಇಟ್ಟು ಕತ್ತರಿಸಿದರೆ, ದೀಪದಡಿಯಲ್ಲಿ ಏನೂ ಗೊತ್ತಾಗುವುದಿಲ್ಲ. ಬಿಸಿಲಿಗೆ ಬಂದೊಡನೆ ಒಂದು ಭುಜ ಒಂದು ಬಣ್ಣ, ಇನ್ನೊಂದು ಭುಜ ಇನ್ನೊಂದು ಬಣ್ಣ. ಕತ್ತರಿಸಿದ ಉಣ್ಣೆಯನ್ನು ಮತ್ತೆ ಕೂಡಿಸುವ ವಿದ್ಯೆ ಯಾರಿಗೂ ತಿಳಿದಿಲ್ಲ. ಮೊದಲ ಸಲ ಹೊಲಿಯುವವರು ತಿಂಗಳುಗಟ್ಟಲೆ ಕೂಡಿಟ್ಟ ಹಣದಿಂದ ತಂದ ಬಟ್ಟೆಯ ಮುಂದೆ ಕತ್ತರಿ ಹಿಡಿದು ನಿಂತಿರುವ ಆ ಗಳಿಗೆಯಲ್ಲಿ ಕೈ ನಡುಗಿದರೆ ಆಶ್ಚರ್ಯವಿಲ್ಲ.

ಇನ್ನು ಎದೆಯ ಕೆಲಸ. ಓವರ್‌ಕೋಟು ಮುಂಭಾಗದಲ್ಲಿ ಕುಗ್ಗದೆ ನಿಲ್ಲುವುದು ಹೊರಗಿನ ಬಟ್ಟೆಯ ಗುಣದಿಂದಲ್ಲ. ಒಳಗೆ ಅಡಗಿದ, ಕುದುರೆಯ ಕೂದಲು ಸೇರಿಸಿ ನೇಯ್ದ ಕ್ಯಾನ್ವಾಸಿನಿಂದ. ಅದನ್ನು ಉಣ್ಣೆಗೆ ಕೂಡಿಸುವುದು ಸಾವಿರಾರು ಪುಟ್ಟ ಓರೆ ಹೊಲಿಗೆಗಳಿಂದ. ಸೂಜಿ ಉಣ್ಣೆಯ ಒಂದೆರಡು ಎಳೆಗಳನ್ನಷ್ಟೇ ಮುಟ್ಟಿ ಹಿಂದಿರುಗಬೇಕು, ಹೊರಗೆ ಕಾಣಕೂಡದು. ಹೊಲಿಯುತ್ತಿರುವಾಗಲೇ ಎದೆಯ ಮಡಿಕೆಯನ್ನು, ದರ್ಜಿಗಳ ಮಾತಿನಲ್ಲಿ ಲ್ಯಾಪೆಲನ್ನು, ಎಡಗೈ ಬೆರಳುಗಳ ಮೇಲೆ ಸುರುಳಿಯಾಗಿ ಬಾಗಿಸಿ ಹಿಡಿದಿರಬೇಕು. ಆ ಬಾಗು ದಾರದಲ್ಲಿ ಸೆರೆಯಾಗಿ ಉಳಿಯುತ್ತದೆ; ಇಸ್ತ್ರಿಪೆಟ್ಟಿಗೆಯಿಂದ ಒತ್ತಿ ತರಿಸುವ ಬಾಗು ಮೂರು ಮಳೆಗೆ ಹೋಗುತ್ತದೆ. ಕಾಲರು ಕೆನ್ನೆಯ ಪಕ್ಕದಲ್ಲಿ ಎದ್ದು ನಿಲ್ಲುವ ಗುಟ್ಟೂ ಇದೇ. ದರ್ಜಿಗಳ ಬೀದಿಯೆಂದು ಜಗತ್ತೆಲ್ಲ ಬಲ್ಲ ಸ್ಯಾವಿಲ್ ರೋನಲ್ಲಿ ಒಂದು ಸೂಟಿಗೆ ಕಡಮೆಯೆಂದರೆ ಐವತ್ತು ಗಂಟೆಗಳ ಕೈಕೆಲಸ ಬೇಕೆಂಬ ಕಟ್ಟಳೆಯನ್ನು ಅಲ್ಲಿಯವರೇ ಹಾಕಿಕೊಂಡಿದ್ದಾರೆ. ಹಗಲು ಬೇರೆ ಉದ್ಯೋಗ ಮಾಡಿ ರಾತ್ರಿ ಅಡುಗೆಮನೆಯ ಮೇಜಿನ ಮೇಲೆ ಹೊಲಿಯುವವರಿಗೆ ಅದರ ಎರಡರಷ್ಟು ಹಿಡಿಯುತ್ತದೆ. ಉಣ್ಣೆ ತಣ್ಣಗಾಗಲು ಬಿಡದೆ ಅವಸರಪಟ್ಟವರು ಮಾರನೆಯ ರಾತ್ರಿ ಅದೇ ಹೊಲಿಗೆಯನ್ನು ಬಿಚ್ಚುತ್ತಾ ಕೂಡುತ್ತಾರೆ.

ಬೆನ್ನಿನ ನೆರಿಗೆಯನ್ನು ಕಚ್ಚಾ ಹೊಲಿಗೆಯಿಂದ ಬಿಗಿದು, ಕೋಟನ್ನು ಕೆಲವು ದಿನ ಸುಮ್ಮನೆ ತೂಗುಹಾಕಬೇಕು. ಬಟ್ಟೆ ತನ್ನ ಭಾರಕ್ಕೆ ತಾನೇ ಇಳಿದು ನಿಂತ ಮೇಲೆ ಅಂಚನ್ನು ಸಮ ಮಾಡಿ ಮಡಿಸಬೇಕು. ಅದಾದ ಮೇಲೆ ಗುಂಡಿ ಮತ್ತು ಕಾಜಾ. ಚಿತ್ರದ ಕೋಟನ್ನು ಗಮನವಿಟ್ಟು ನೋಡಿದವರಿಗೆ ಎದೆಯ ಮಡಿಕೆಯ ಮೇಲಿನ ಕಾಜಾ ಮಾತ್ರ ಕೆಂಪು ದಾರದಲ್ಲಿರುವುದು ಕಾಣುತ್ತದೆ. ಅಂಗಡಿಯ ಕೋಟಿನಲ್ಲಿ ಅದು ಇರಲಿಲ್ಲ; ಸರಣಿಯ ವಸ್ತ್ರವಿನ್ಯಾಸದವರು ಸೇರಿಸಿದ್ದು. ಅಷ್ಟು ದೊಡ್ಡ ಕಪ್ಪು ಕೋಟಿನಲ್ಲಿ ಅಂಗುಲದಷ್ಟು ಕೆಂಪು. ಮನೆಯಲ್ಲಿ ಹೊಲಿಯುವವರು ಇದನ್ನು ಕಟ್ಟಕಡೆಗೆ ಇಟ್ಟುಕೊಳ್ಳುತ್ತಾರೆ. ಮುಗಿದ ಕೋಟಿನ ಎದೆಗೆ ಕತ್ತರಿ ಹಾಕಿ ಸೀಳಬೇಕಾದ ಕೆಲಸ ಅದು. ತಪ್ಪಿದರೆ ಮುಚ್ಚುವ ದಾರಿಯಿಲ್ಲ.

ಕೋಟು ಸಿದ್ಧವಾಯಿತೆನ್ನೋಣ. ತೊಟ್ಟವರು ಮತ್ತೆ ಗುಲಾಬಿ ಗೆರೆಯ ರೈಲು ಹತ್ತಿ ಪೂರ್ವಕ್ಕೆ ಬರುತ್ತಾರೆ. ಬೇಕರ್ ಸ್ಟ್ರೀಟ್ ನಿಲ್ದಾಣದ ಹೊರಗೆ ಶಿಲ್ಪಿ ಜಾನ್ ಡಬಲ್‌ಡೇ ಮಾಡಿದ ಹೋಮ್ಸನ ಕಂಚಿನ ವಿಗ್ರಹ 1999ರಿಂದ ನಿಂತಿದೆ. ಅದರ ಮೈಮೇಲಿರುವುದು ಹಳೆಯ ಮೇಲುಹೊದಿಕೆಯ ನಿಲುವಂಗಿ. ಆ ಉಡುಪನ್ನು ಜನರ ಕಣ್ಣಿಗೆ ಕಟ್ಟಿಸಿದವನು ಕಥೆಗಾರ ಕಾನನ್ ಡಾಯ್ಲ್ ಎನ್ನುವುದಕ್ಕಿಂತ ಚಿತ್ರಗಾರ ಸಿಡ್ನಿ ಪ್ಯಾಜೆಟ್ ಎನ್ನಬೇಕು. 1891ರಿಂದ 'ಸ್ಟ್ರಾಂಡ್' ಎಂಬ ಸಚಿತ್ರ ಮಾಸಪತ್ರಿಕೆಯಲ್ಲಿ ಕಥೆಗಳು ಬರತೊಡಗಿದಾಗ ಅವನೇ ಪತ್ತೇದಾರನಿಗೆ ಕುಂಚದಿಂದ ಬಟ್ಟೆ ಹೊಲಿದವನು. ಕಥೆಗಾರ ಬರೆದ 221ಬಿ ಎಂಬ ಮನೆಯ ನಂಬರು ಆ ಕಾಲದ ಬೇಕರ್ ಸ್ಟ್ರೀಟ್‌ನಲ್ಲಿ ಇರಲೇ ಇಲ್ಲ. ಮುಂದೆ ಬೀದಿ ಬೆಳೆದು, 1932ರಲ್ಲಿ ಆ ಜಾಗಕ್ಕೆ ಬಂದ ಹಣಕಾಸಿನ ಸಂಸ್ಥೆಯೊಂದಕ್ಕೆ ಹೋಮ್ಸನ ಹೆಸರಿನಲ್ಲಿ ಕಾಗದಗಳು ಬರತೊಡಗಿದವು. ಉತ್ತರ ಬರೆಯುವುದಕ್ಕೇ ಒಬ್ಬ ಕಾರ್ಯದರ್ಶಿಯನ್ನು ಅವರು ನೇಮಿಸಬೇಕಾಯಿತು. ಅದೇ ಬೀದಿಯಲ್ಲಿ 1990ರಲ್ಲಿ ಹೋಮ್ಸನ ವಸ್ತುಸಂಗ್ರಹಾಲಯವೂ ತೆರೆಯಿತು.

ಕೋಟಿನವರು ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ದೂರದರ್ಶನದ 221ಬಿ ಇರುವುದು ಎರಡು ನಿಲ್ದಾಣ ಆಚೆ, ಯೂಸ್ಟನ್ ಸ್ಕ್ವೇರ್‌ನ ಬಳಿ. ನಾರ್ತ್ ಗೋವರ್ ಸ್ಟ್ರೀಟ್ ಎಂಬ ಸದ್ದಿಲ್ಲದ ಬೀದಿಯ 187ನೆಯ ನಂಬರಿನ ಕಪ್ಪು ಬಾಗಿಲು. ಪಕ್ಕದಲ್ಲಿ ಸ್ಪೀಡೀಸ್ ಎಂಬ ಸಣ್ಣ ಉಪಾಹಾರ ಮಂದಿರ. ಬಾಗಿಲಿನ ಒಳಗೆ ಹೋಮ್ಸನ ಕೋಣೆಯಿಲ್ಲ. ಆ ಕೋಣೆಯನ್ನು ಕಟ್ಟಿದ್ದು ದೂರದ ವೇಲ್ಸ್‌ನ ಸ್ಟುಡಿಯೋದಲ್ಲಿ. ಇದು ತಿಳಿದವರೂ ಬಾಗಿಲ ಮುಂದೆ ನಿಂತು ಕಾಲರು ಎತ್ತಿ ಚಿತ್ರ ತೆಗೆಸಿಕೊಂಡೇ ಮುಂದೆ ಹೋಗುತ್ತಾರೆ.

ಕೊನೆಯ ನಿಲ್ದಾಣ ಬಾರ್ಬಿಕನ್. ಹೊರಬಂದು ಸ್ಮಿತ್‌ಫೀಲ್ಡ್ ಮಾಂಸದ ಮಾರುಕಟ್ಟೆಯ ಕಬ್ಬಿಣದ ಕಮಾನುಗಳನ್ನು ದಾಟಿದರೆ ಸೇಂಟ್ ಬಾರ್ತಲೋಮ್ಯೂ ಆಸ್ಪತ್ರೆ, ಜನರ ಬಾಯಲ್ಲಿ ಬಾರ್ಟ್ಸ್. ರಾಹೀರ್ ಎಂಬಾತ 1123ರಲ್ಲಿ ಸ್ಥಾಪಿಸಿದ ಈ ಧರ್ಮಾಸ್ಪತ್ರೆ ಒಂಬೈನೂರು ವರ್ಷಗಳಿಂದ ಅದೇ ಜಾಗದಲ್ಲಿದೆ. 1887ರ ಮೊದಲ ಕಾದಂಬರಿಯಲ್ಲಿ, ಅಫ್ಘಾನಿಸ್ಥಾನದ ಯುದ್ಧದಲ್ಲಿ ಗಾಯಗೊಂಡು ಹಿಂದಿರುಗಿದ ಡಾಕ್ಟರ್ ವಾಟ್ಸನ್ ಹೋಮ್ಸನನ್ನು ಮೊದಲು ಕಂಡದ್ದು ಇದೇ ಆಸ್ಪತ್ರೆಯ ರಸಾಯನಶಾಲೆಯಲ್ಲಿ. ಆಮೇಲೆ 2012ರ ಜನವರಿ 15ರ ರಾತ್ರಿ ಪ್ರಸಾರವಾದ ಕಂತಿನಲ್ಲಿ ಹೋಮ್ಸ್ ಇದೇ ಆಸ್ಪತ್ರೆಯ ಮಾಳಿಗೆಯ ಅಂಚಿನಲ್ಲಿ ನಿಂತ. ಕೆಳಗೆ ಬೀದಿಯಲ್ಲಿ ವಾಟ್ಸನ್. ಟೆಲಿಫೋನಿನಲ್ಲಿ ಕೊನೆಯ ಮಾತಾಡಿ ಮುಂದಕ್ಕೆ ಬಾಗಿದ. ಬೀಳುವಾಗ ಕೋಟು ಎರಡು ಕಡೆಗೂ ಬಿಚ್ಚಿಕೊಂಡಿತು.

ವಾರವಾರವೂ ಧಾರಾವಾಹಿಗಾಗಿ ಕಾಯುವ ಓದುಗರಿಗೆ ಅಂದಿನ ಸಂಕಟವನ್ನು ವಿವರಿಸಬೇಕಾಗಿಲ್ಲ. 1893ರ ಡಿಸೆಂಬರಿನಲ್ಲಿ ಡಾಯ್ಲ್ ತನ್ನ ನಾಯಕನನ್ನು ಸ್ವಿಟ್ಸರ್ಲೆಂಡಿನ ಜಲಪಾತಕ್ಕೆ ತಳ್ಳಿದಾಗ 'ಸ್ಟ್ರಾಂಡ್' ಪತ್ರಿಕೆಯ ಸಾವಿರಾರು ಚಂದಾದಾರರು ಚಂದಾ ನಿಲ್ಲಿಸಿದ್ದರೆಂದು ಪ್ರತೀತಿ. ಈ ಸಲ ನಿಲ್ಲಿಸಲು ಚಂದಾ ಇರಲಿಲ್ಲ. ನೋಡಿದವರು ಬಾರ್ಟ್ಸ್‌ಗೆ ಬಂದು, ಬಳಿಯ ಕೆಂಪು ಟೆಲಿಫೋನ್ ಗೂಡಿನ ಗಾಜಿಗೆ ಚೀಟಿಗಳನ್ನು ಅಂಟಿಸಿದರು. ಹೋಮ್ಸನನ್ನು ನಂಬುತ್ತೇವೆಂದು ಬರೆದರು. ಎರಡು ವರ್ಷ ಕಾಯಿಸಿ, 2014ರ ಜನವರಿಯಲ್ಲಿ ಅವನು ಬದುಕಿ ಬಂದ. ಅಣ್ಣನ ಕೋಣೆಯಲ್ಲಿ ಅವನಿಗೆ ಅದೇ ಕೋಟನ್ನು ಮತ್ತೆ ತೊಡಿಸುವ ದೃಶ್ಯ ಬಂದಾಗ ಜನ ನಿಟ್ಟುಸಿರುಬಿಟ್ಟರು. ಈ ಎರಡು ವರ್ಷಗಳ ಕಾಯುವಿಕೆಯಲ್ಲೇ ಎಷ್ಟೋ ಮಂದಿ ಸೂಜಿ ಹಿಡಿದಿದ್ದರು. 2017ರ ಜನವರಿಯಲ್ಲಿ ಹದಿಮೂರನೆಯ ಕಂತಿನೊಡನೆ ಸರಣಿ ನಿಂತಿತು, ಹೊಲಿಗೆ ನಿಲ್ಲಲಿಲ್ಲ.

ಆಸ್ಪತ್ರೆಯ ಮಾಳಿಗೆಯನ್ನು ತಲೆಯೆತ್ತಿ ನೋಡುವ ಪ್ರವಾಸಿಗರಲ್ಲಿ ಹೆಚ್ಚಿನವರು ಅಲ್ಲಿಂದಲೇ ಹಿಂದಿರುಗುತ್ತಾರೆ. ಅದು ತಪ್ಪು. ಚೌಕವನ್ನು ದಾಟಿ, ಸೇಂಟ್ ಬಾರ್ತಲೋಮ್ಯೂ ದೊಡ್ಡ ಇಗರ್ಜಿಯ ಪಕ್ಕಕ್ಕೆ ತಿರುಗಿದರೆ ಒಂದು ಓಣಿಯುಂಟು. ಅದರ ಹೆಸರು ಕ್ಲಾತ್ ಫೇರ್. ಕನ್ನಡದಲ್ಲಿ ಹೇಳುವುದಾದರೆ ಬಟ್ಟೆಸಂತೆ. ಆಸ್ಪತ್ರೆಯನ್ನು ಕಟ್ಟಿಸಿದ ರಾಹೀರನಿಗೇ 1133ರಲ್ಲಿ ಒಂದನೆಯ ಹೆನ್ರಿ ದೊರೆಯಿಂದ ಇಲ್ಲಿ ಜಾತ್ರೆ ನಡೆಸುವ ಸನ್ನದು ದೊರೆಯಿತು. ಪ್ರತಿವರ್ಷ ಆಗಸ್ಟಿನಲ್ಲಿ, ಸಂತ ಬಾರ್ತಲೋಮ್ಯೂವಿನ ಹಬ್ಬಕ್ಕೆ ದೇಶದ ಮೂಲೆಮೂಲೆಗಳಿಂದ ಉಣ್ಣೆಯ ವ್ಯಾಪಾರಿಗಳು ಇಲ್ಲಿ ನೆರೆಯುತ್ತಿದ್ದರು. ಬಟ್ಟೆಗೆ ಇಂಗ್ಲೆಂಡಿನಲ್ಲೇ ದೊಡ್ಡ ಸಂತೆ ಇದಾಗಿತ್ತು. ದರ್ಜಿಗಳ ಸಂಘದವರು ಬೆಳ್ಳಿಯ ಗಜಕೋಲು ಹಿಡಿದು ಬಂದು ಅಂಗಡಿ ಅಂಗಡಿಯ ಅಳತೆಯನ್ನು ಪರೀಕ್ಷಿಸುತ್ತಿದ್ದರು. ಜಗಳಗಳ ತೀರ್ಮಾನಕ್ಕೆ ಸಂತೆಯಲ್ಲೇ ಒಂದು ನ್ಯಾಯಸ್ಥಾನ. ಊರೂರು ಅಲೆದು ಬಂದವರ ಧೂಳಿನ ಪಾದಗಳಿಂದಲೇ ಅದಕ್ಕೆ ಹೆಸರು ಬಂದಿತ್ತು. ಕಾಲಕ್ರಮದಲ್ಲಿ ಬಟ್ಟೆ ಹಿಂದಾಗಿ ಬೊಂಬೆಯಾಟ, ದೊಂಬರಾಟ, ಕುಡಿತ ಮುಂದಾದವು. 1855ರಲ್ಲಿ ನಗರದ ಅಧಿಕಾರಿಗಳು ಸಂತೆಯನ್ನೇ ನಿಲ್ಲಿಸಿಬಿಟ್ಟರು. 1666ರ ಮಹಾಗ್ನಿಯಿಂದ ಪಾರಾದ ಹಳೆಯ ಮನೆಯೊಂದು ಓಣಿಯಲ್ಲಿ ಇನ್ನೂ ನಿಂತಿದೆ. ಬಟ್ಟೆಯ ಅಂಗಡಿ ಮಾತ್ರ ಒಂದೂ ಇಲ್ಲ.

ಮಾಳಿಗೆಯಿಂದ ಕೋಟು ಬಿದ್ದ ಜಾಗದಿಂದ ಈ ಓಣಿಗೆ ನಾಲ್ಕೈದು ನಿಮಿಷದ ನಡಿಗೆ. ಚಿತ್ರ ತೆಗೆದವರು ಇದನ್ನು ಯೋಚಿಸಿರಲಾರರು. ಹೊಲಿದವರಿಗೆ ಮಾತ್ರ ಓಣಿಯ ಹೆಸರಿನ ಫಲಕ ಕಂಡೊಡನೆ ಕಾಲು ನಿಲ್ಲುತ್ತದೆ. ಇಕ್ಕಟ್ಟಾದ ಓಣಿಯಿಂದ ಚೌಕದ ಬಯಲಿಗೆ ಬರುವಲ್ಲಿ ಗಾಳಿ ಹೆಚ್ಚು. ಕೋಟಿನ ನೆರಿಗೆ ತೆರೆದುಕೊಳ್ಳಲು ಅದು ಒಳ್ಳೆಯ ಸ್ಥಳ. ಒಬ್ಬರು ಇಂತಹ ಕೋಟು ತೊಟ್ಟು ಅಲ್ಲಿ ನಿಂತಿದ್ದರೆ, ಅಂತಹುದನ್ನೇ ತೊಟ್ಟ ಇನ್ನೊಬ್ಬರು ಎದುರಾದಾಗ ಮೊದಲು ನೋಡುವುದು ಮುಖವನ್ನಲ್ಲ, ಕೆಂಪು ಕಾಜಾವನ್ನು. ಆಮೇಲೆ ಒಬ್ಬರ ಕೋಟಿನ ಅಂಚನ್ನು ಮತ್ತೊಬ್ಬರು ಎರಡು ಬೆರಳಿನ ನಡುವೆ ಹಿಡಿದು ಹೊಸಕಿ, ಬಟ್ಟೆ ಎಲ್ಲಿಯದು, ಮೀಟರಿಗೆ ಎಷ್ಟು ಬಿತ್ತು ಎಂದು ಕೇಳುತ್ತಾರೆ.